ಎಲ್ಲರಿಗೂ ಒಂದೇ ಬಿನ್ನವತ್ತಳೆ

ರೇಷ್ಮೆಗೂಡು ಬೇಯುವ ವಾಸನೆ ಬಂದರೆ ಉಳಿದವರೆಲ್ಲ ಮೂಗಿಗೆ ಟವಲು ಒತ್ತಿಕೊಳ್ಳುತ್ತಿದ್ದರು. ಮುಳ್ಳೂರಿನ ಕೆಂಪನಂಜಪ್ಪನಿಗೆ ಮಾತ್ರ ಕಾವ್ಯ ನೆನಪಾಗುತ್ತಿತ್ತು.

ಅದಕ್ಕೆ ಕಾರಣವಿತ್ತು. ಏಳು ವರ್ಷದವನಿದ್ದಾಗ ಅವನು ಅಪ್ಪನ ಜೊತೆ ಗೂಡಿನ ಮಂಕರಿ ಹೊತ್ತವರ ಹಿಂದೆ ನಡೆದುಕೊಂಡು ಕೊಳ್ಳೇಗಾಲಕ್ಕೆ ಹೋಗಿದ್ದ. ನೂಲು ತೆಗೆಸುವ ಸಾಹುಕಾರರ ಪಡಸಾಲೆಯಲ್ಲಿ ಅವನನ್ನು ಕೂರಿಸಿ ಅಪ್ಪ ಹಿತ್ತಿಲಿಗೆ ಹೋದರು. ಹಿತ್ತಿಲಿನಲ್ಲಿ ಕುದಿಯುವ ನೀರಿನಲ್ಲಿ ಗೂಡುಗಳು ಉರುಳಾಡುತ್ತಿದ್ದವು. ಬೆಂದ ಹುಳುವಿನ ವಾಸನೆ ಪಡಸಾಲೆಯ ತುಂಬ ತುಂಬಿತ್ತು. ಎದುರಿನ ಗೋಡೆಯ ಮೇಲೆ ಗಾಜಿನ ಚೌಕಟ್ಟು. ಅದರೊಳಗೆ ಗುಲಾಬಿ ಬಣ್ಣದ ಕಾಗದ. ಕಾಗದದ ಸುತ್ತ ಅಚ್ಚಿನ ಬಳ್ಳಿ. ಬಳ್ಳಿಯ ನಡುವೆ ಗಿಡ್ಡಗಿಡ್ಡ ಸಾಲುಗಳು.

“ಅದೇನಪ್ಪಾ?”

“ಬಿನ್ನವತ್ತಳೆ ಕಣ್ಲಾ. ದೊಡ್ಡೋರ್ನ ಕೂರ್ಸಿ, ಆರ ಆಕಿ, ಅವರ ಮ್ಯಾಲೆ ಪದ್ಯ ಓದಿ ಕೊಡೋದು.”

ಅಂದೇ ಕೆಂಪನಂಜಪ್ಪನಿಗೆ ಕಾವ್ಯದ ಸ್ವರೂಪ ಮತ್ತು ಪ್ರಯೋಜನ ಎರಡೂ ಒಟ್ಟಿಗೇ ತಿಳಿದುಹೋದವು. ಸ್ವರೂಪವೆಂದರೆ ಗುಲಾಬಿ ಕಾಗದ, ಸುತ್ತ ಬಳ್ಳಿ. ಪ್ರಯೋಜನವೆಂದರೆ ಮೊಳೆ ಹೊಡೆದು ನೇತುಹಾಕುವುದು. ಪಂಡಿತರು ಈ ಎರಡು ವಿಷಯಗಳಿಗೆ ಎಷ್ಟೋ ವರ್ಷ ತಲೆ ಕೆಡಿಸಿಕೊಂಡಿದ್ದಾರಂತೆ. ಅವರನ್ನು ಯಾರೂ ಆ ಪಡಸಾಲೆಯಲ್ಲಿ ಕೂರಿಸಿರಲಿಲ್ಲ, ಪಾಪ.

ದೊಡ್ಡವನಾದ ಮೇಲೆ ಕೆಂಪನಂಜಪ್ಪ ಎರಡು ಎಕರೆ ಹಿಪ್ಪುನೇರಳೆ ಹಾಕಿದ, ಹುಳು ಸಾಕಿದ, ಮದುವೆಯಾದ, ಒಂದು ಪದ್ಯ ಬರೆದ. ಒಂದೇ. ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಸೇರಿದ ಹೊಸದರಲ್ಲಿ ವರ್ಗವಾಗಿ ಹೋದ ತಹಸೀಲ್ದಾರರೊಬ್ಬರಿಗೆಂದು ಬರೆದದ್ದು ಅದು:

ಸೂರ್ಯನಂತೆ ಬಂದಿರಿ, ಚಂದ್ರನಂತೆ ನಿಂದಿರಿ,
ಗಂಭೀರ ಮೀಸೆಯ ಧೀರರೇ!
ಕಂದಾಯ ಬಿಟ್ಟ ಕರುಣಾಳುವೇ!
ಪೋಗಿ ಬನ್ನಿರಿ, ಮುಂದಿನೂರ ಬೆಳಗಿರಿ!

ಪದ್ಯ ಎಷ್ಟು ಚೆನ್ನಾಗಿ ಹೊಂದಿತೆಂದರೆ ಇನ್ನೊಂದು ಬರೆಯುವ ಅಗತ್ಯವೇ ಬೀಳಲಿಲ್ಲ. ಪಶುವೈದ್ಯರು ಹೋಗುವಾಗ ‘ಕಂದಾಯ ಬಿಟ್ಟ’ ಎಂಬಲ್ಲಿ ‘ಕಾಲುಜ್ವರ ಬಿಡಿಸಿದ’ ಎಂದಾಯಿತು. ಪೊಲೀಸ್ ದಫೇದಾರರು ಹೋಗುವಾಗ ‘ಕಳ್ಳರ ಹಿಡಿದ’ ಎಂದಾಯಿತು. ಸೂರ್ಯ, ಚಂದ್ರ, ಮೀಸೆ ಎಲ್ಲರಿಗೂ ಇದ್ದೇ ಇದ್ದವು. ಕೊಳ್ಳೇಗಾಲದಲ್ಲಿ ಅಚ್ಚುಕೂಟ ಇಟ್ಟುಕೊಂಡಿದ್ದ ಮುತ್ತಯ್ಯನಂತೂ ಆ ಪದ್ಯದ ಅಚ್ಚುಮೊಳೆಗಳನ್ನು ಬಿಚ್ಚುತ್ತಲೇ ಇರಲಿಲ್ಲ. ದಾರ ಕಟ್ಟಿ ಹಲಗೆಯ ಮೇಲೆ ಹಾಗೇ ಇಟ್ಟಿದ್ದ. ಕೆಳಗಿನ ಐವತ್ತೆರಡು ಗ್ರಾಮಸ್ಥರ ಹೆಸರೂ ಕಟ್ಟಿದಂತೆಯೇ ಇತ್ತು. ಕೊಳ್ಳೇಗಾಲ, ಹನೂರು, ಯಳಂದೂರು, ಈ ಮೂರು ಊರುಗಳ ಕಚೇರಿಗಳಲ್ಲಿ, ವರ್ಗವಾದವರು ಬಿಟ್ಟುಹೋದ ಹನ್ನೊಂದು ಗೋಡೆಗಳ ಮೇಲೆ ಕೆಂಪನಂಜಪ್ಪನ ಕಾವ್ಯ ತೂಗುತ್ತಿತ್ತು. ಬಸ್ಸಿನಲ್ಲಿ ಹೋಗುವಾಗ ಅವನು ಆ ಕಟ್ಟಡಗಳ ಕಡೆ ನೋಡುತ್ತಿರಲಿಲ್ಲ. ಅವು ತನ್ನ ಕಡೆ ನೋಡಲಿ ಎಂದು ಕತ್ತು ನೆಟ್ಟಗೆ ಮಾಡಿ ಕೂರುತ್ತಿದ್ದ.

ಸಾವಿರದ ಒಂಬೈನೂರ ಅರವತ್ತೆರಡರ ಮೇ ತಿಂಗಳಲ್ಲಿ ಇವನು ಟವಲು ಕೊಳ್ಳಲು ಕೊಳ್ಳೇಗಾಲಕ್ಕೆ ಹೋದವನು ಫೋಟೋ ಸ್ಟುಡಿಯೋ ಮುಂದೆ ಗಕ್ಕನೆ ನಿಂತ. ಗಾಜಿನ ಹಿಂದೆ ಹೊಸ ಫೋಟೋ. ನಡುವಿನ ಕುರ್ಚಿಯಲ್ಲಿ ಮುಳ್ಳೂರು ಶಾಲೆಯ ಮೇಷ್ಟ್ರಮ್ಮ ಸುವರ್ಣಮ್ಮ. ಕೊರಳಲ್ಲಿ ಹಾರ. ಹಿಂದೆ ಐದು ಹುಡುಗಿಯರು, ಅದರಲ್ಲಿ ಒಬ್ಬಳು ಅವನದೇ ಮಗಳು ಪುಟ್ಟಬಸಮ್ಮ, ಕಣ್ಣು ಮಿಟುಕಿಸದೆ ನಿಂತಿದ್ದಾಳೆ.

ಇದಕ್ಕೆ ಅರ್ಥ ಒಂದೇ. ನಮ್ಮ ಸೀಮೆಯಲ್ಲಿ ಸರ್ಕಾರಿ ಮನುಷ್ಯರು ಕುರ್ಚಿಯಲ್ಲಿ ಹಾರ ಹಾಕಿಕೊಂಡು ಗುಂಪಿನ ಫೋಟೋ ತೆಗೆಸಿದರೆಂದರೆ ಅವರಿಗೆ ವರ್ಗವಾಯಿತು ಎಂದೇ ಲೆಕ್ಕ. ತಹಸೀಲ್ದಾರರೂ ಹೀಗೇ ಕೂತಿದ್ದರು. ದಫೇದಾರರೂ ಹೀಗೇ ಕೂತಿದ್ದರು.

ಕೆಂಪನಂಜಪ್ಪನ ಎದೆ ಧಸಕ್ಕೆಂದಿತು. ಮೇಷ್ಟ್ರಮ್ಮ ಹೋಗುತ್ತಾರೆ ಎಂದಲ್ಲ. ಬಿನ್ನವತ್ತಳೆ ಇನ್ನೂ ಆಗಿಲ್ಲವಲ್ಲ ಎಂದು. ಟವಲು ಮರೆತು ಅಚ್ಚುಕೂಟಕ್ಕೆ ಓಡಿದ.

“ಮುತ್ತಯ್ಯಾ, ಪದ್ಯ ಇಳ್ಸು!”

ಮುತ್ತಯ್ಯ ಹಲಗೆ ಇಳಿಸಿ ಧೂಳು ಊದಿದ. “ಯಾರ್ಗೆ?”

“ನಮ್ಮ ಮೇಷ್ಟ್ರಮ್ಮಂಗೆ.”

ಮುತ್ತಯ್ಯ ಎರಡನೆಯ ಸಾಲಿನ ಮೇಲೆ ಬೆರಳಿಟ್ಟ. “ಇಲ್ಲಿ ಮೀಸೆ ಅದಲ್ಲ ಕೆಂಪಣ್ಣ.”

ಹನ್ನೊಂದು ಬಿನ್ನವತ್ತಳೆಗಳಲ್ಲಿ ಬಾರದ ತೊಡಕು ಇದು. ಕವಿ ಸೂರು ನೋಡಿದ. “ಕನ್ನಡಕ ಅಂತ ಆಕು.”

“ಅವರು ಕನ್ನಡಕ ಆಕಲ್ವಲ್ಲ.”

“ವಯಸ್ಸಾದ್ಮೇಲೆ ಆಕಂತಾರೆ. ಪದ್ಯ ಅಲ್ಲೀಗಂಟ ಇರ್ತದಲ್ಲ?”

“ಈ ಕಂದಾಯ?”

“ಸ್ಕೂಲಲ್ವಾ? ಮಗ್ಗಿ ಬಿಟ್ಟ ಕರುಣಾಳು ಅನ್ನು.”

ಮುತ್ತಯ್ಯ ತಲೆಯಾಡಿಸಿ ಮೊಳೆ ಕಿತ್ತು ಮೊಳೆ ಕೂರಿಸಿದ. ಅವನಿಗೂ ಕಾವ್ಯದ ಮೇಲೆ ಗೌರವವಿತ್ತು. ಗದ್ಯದಂತೆ ಅದು ಕಾಗದದ ಅಂಚಿನವರೆಗೂ ಹೋಗುತ್ತಿರಲಿಲ್ಲ, ಮೊಳೆ ಉಳಿಯುತ್ತಿತ್ತು.

ಊರಿಗೆ ಬಂದ ಕೆಂಪನಂಜಪ್ಪ ಸುಮ್ಮನೆ ಕೂರಲಿಲ್ಲ. ಪಂಚಾಯ್ತಿ ಚೇರ್ಮನ್ ಗುರುಮಲ್ಲಪ್ಪನವರ ಮನೆಗೆ ಹೋಗಿ ಗುಲಾಬಿ ಕಾಗದ ಬಿಚ್ಚಿದ.

“ವರ್ಗ ಆಯ್ತಾ?” ಎಂದರು ಚೇರ್ಮನ್ನರು.

“ಪ್ರಿಂಟೇ ಆಗ್ಬುಟ್ಟದಲ್ಲ!” ಎಂದ ಕೆಂಪನಂಜಪ್ಪ.

ಪ್ರಿಂಟಾದದ್ದನ್ನು ಅನುಮಾನಿಸುವಷ್ಟು ಸಣ್ಣ ಮನಸ್ಸಿನವರಲ್ಲ ಗುರುಮಲ್ಲಪ್ಪನವರು. ಅದೂ ಅಲ್ಲದೆ ಅವರಿಗೆ ಒಳಗೊಳಗೇ ಸ್ವಲ್ಪ ಹಗುರವಾಯಿತು. ಹೋದ ವಾರವಷ್ಟೇ ಮೇಷ್ಟ್ರಮ್ಮ ಅವರ ಜಗಲಿಯಲ್ಲೇ ಕೂತು, ಎಂಟನೇ ಕ್ಲಾಸು ಮುಗಿಸಿದ ಹುಡುಗಿಯರನ್ನು ಕೊಳ್ಳೇಗಾಲದ ಹೈಸ್ಕೂಲಿಗೆ ಕಳಿಸಬೇಕೆಂದು ವಾದಿಸಿದ್ದರು. “ನಮ್ಮೂರ ಎಣ್ಮಕ್ಳು ದಿನಾ ಬಸ್ ಅತ್ತಬೇಕಾ?” ಎಂದು ಇವರು ಕೇಳಿದ್ದರು. “ಹತ್ತಲೇಬೇಕು” ಎಂದು ಅವರು ಹೇಳಿದ್ದರು. ಅಂದಿನಿಂದ ಚೇರ್ಮನ್ನರು ಮೇಷ್ಟ್ರಮ್ಮ ಬರುವ ಬೀದಿ ಬಿಟ್ಟು ಓಡಾಡುತ್ತಿದ್ದರು.

ಶನಿವಾರ ಶಾಲೆಯ ಅಂಗಳದಲ್ಲಿ ಸಭೆ. ಸುವರ್ಣಮ್ಮ ನಗುನಗುತ್ತಲೇ ಬಂದರು. ಮೂರು ವರ್ಷದ ಹಿಂದೆ ಯಳಂದೂರಿನ ಹತ್ತಿರದ ಅಗರದಿಂದ ಒಂದು ಟ್ರಂಕು ಹಿಡಿದು ಬಂದ ಹೆಂಗಸು. ಮಾದೇವಮ್ಮ ಎಂಬ ಮುದುಕಿಯ ಮನೆಯ ಮುಂದಿನ ಭಾಗದಲ್ಲಿ ಒಬ್ಬರೇ ಇದ್ದವರು. ಅವರ ಕೈಯಲ್ಲಿ ಆ ಫೋಟೋದ ಐದು ಪ್ರತಿಗಳಿದ್ದವು. ಮುಳ್ಳೂರಿನಿಂದ ಮೊಟ್ಟಮೊದಲ ಬಾರಿಗೆ ಪಬ್ಲಿಕ್ ಪರೀಕ್ಷೆಗೆ ಕೂತ ಐದು ಹುಡುಗಿಯರೂ ಪಾಸಾಗಿದ್ದರು. ಫೋಟೋ ಅದಕ್ಕೆ. ಹಾರವನ್ನು ಹುಡುಗಿಯರೇ ಕಟ್ಟಿ ಹಾಕಿದ್ದರು. ಸಭೆಯೂ ಅದಕ್ಕೇ ಇರಬೇಕೆಂದುಕೊಂಡು ಅವರು ಹುಡುಗಿಯರನ್ನು ಮುಂದಿನ ಸಾಲಿನಲ್ಲಿ ಕೂರಿಸಿ, ಒಬ್ಬೊಬ್ಬಳ ಜಡೆ ಸರಿಮಾಡಿ, ಕುರ್ಚಿಯಲ್ಲಿ ಕೂತರು.

ಕೆಂಪನಂಜಪ್ಪ ಎದ್ದು ಗಂಟಲು ಸರಿಮಾಡಿಕೊಂಡ. ಸೂರ್ಯ ಬಂದ, ಚಂದ್ರ ನಿಂತ. ಸುವರ್ಣಮ್ಮ ಕನ್ನಡಕದ ಸಾಲಿಗೆ ಕಣ್ಣು ಮುಟ್ಟಿ ನೋಡಿಕೊಂಡರು. ಮಗ್ಗಿಯ ಸಾಲಿಗೆ ಹುಬ್ಬು ಗಂಟಿಕ್ಕಿದರು. ಇಪ್ಪತ್ತರ ಮಗ್ಗಿಯನ್ನು ಹಿಂದುಮುಂದಾಗಿ ಹೇಳಿಸುತ್ತಿದ್ದ ಹೆಂಗಸು ಅವರು.

“ಪೋಗಿ ಬನ್ನಿರಿ! ಮುಂದಿನೂರ ಬೆಳಗಿರಿ!” ಎಂದು ಕೆಂಪನಂಜಪ್ಪ ಕೈ ಎತ್ತಿ ಮುಗಿಸಿದ.

ಚಪ್ಪಾಳೆಯೋ ಚಪ್ಪಾಳೆ. ಚೇರ್ಮನ್ನರು ಚೌಕಟ್ಟು ಕೈಗಿಟ್ಟು, “ನೀವು ಎಲ್ಲಿಗೇ ಓದ್ರೂ ಸುಖವಾಗಿರಿ ತಾಯಿ” ಎಂದರು.

ಸುವರ್ಣಮ್ಮ ಒಮ್ಮೆ ಅವರ ಮುಖ ನೋಡಿದರು, ಒಮ್ಮೆ ಜನರ ಮುಖ ನೋಡಿದರು. ಬಸ್ಸಿನ ವಾದಕ್ಕೆ ಊರು ಕೊಟ್ಟ ಉತ್ತರ ಇದೇ ಎಂದು ಅವರಿಗೆ ಅನಿಸಿತು. ಎಷ್ಟು ಮರ್ಯಾದೆಯಿಂದ, ಗಾಜು ಹಾಕಿಸಿ ಹೇಳುತ್ತಿದ್ದಾರೆ! “ಆಗಲಿ” ಎಂದರು. ಫೋಟೋಗಳನ್ನು ಹುಡುಗಿಯರಿಗೆ ಹಂಚಿ, ಚೌಕಟ್ಟನ್ನು ಕಂಕುಳಲ್ಲಿ ಇಟ್ಟುಕೊಂಡು ಹೋದರು.

“ನೋಡಿದ್ಯಾ? ಅಳು ಬಂದ್ಬುಡ್ತು ಅವ್ರಿಗೆ” ಎಂದ ಕೆಂಪನಂಜಪ್ಪ ಮನೆಗೆ ಬಂದು, ಹೆಂಡತಿ ಗುರುಬಸಮ್ಮನಿಗೆ. “ಕಾವ್ಯ ಅಂದ್ರೆ ಅದು.”

ಮೂಲೆಯಲ್ಲಿ ಪುಟ್ಟಬಸಮ್ಮ ಫೋಟೋ ಹಿಡಿದುಕೊಂಡು ನಿಜವಾಗಿಯೇ ಅಳುತ್ತಿದ್ದಳು. “ಅಪ್ಪಾ, ಇದು ನಾವು ಪಾಸಾದ ಫೋಟೋ! ಮೇಷ್ಟ್ರಮ್ಮಂಗೆ ವರ್ಗ ಎಲ್ಲಾಗದೆ? ನಿಂಗೆ ಏಳಿದ್ನಲ್ಲ!”

“ಯಾವಾಗ ಏಳ್ದೆ?”

“ಹುಳ ನಾಕ್ನೇ ಜ್ವರದಲ್ಲಿದ್ದಾಗ. ನೀನು ‘ಊಂ’ ಅಂದೆ.”

ನಾಲ್ಕನೇ ಜ್ವರವೆಂದರೆ ರೇಷ್ಮೆಹುಳು ಕೊನೆಯ ಬಾರಿ ಪೊರೆ ಕಳಚಲು ಕೂರುವ ದಿನ. ಆ ದಿನ ಮುಳ್ಳೂರಿನ ಯಾವ ಗಂಡಸಿಗೆ ಏನು ಹೇಳಿದರೂ ‘ಊಂ’ ಎನ್ನುತ್ತಾನೆ. ಮಗಳು ಪಾಸಾದ ಸುದ್ದಿಗೂ ಊಂ, ಬಾವಿಗೆ ಬಿದ್ದ ಸುದ್ದಿಗೂ ಊಂ.

ಗುರುಬಸಮ್ಮ ಸೊಪ್ಪು ಕತ್ತರಿಸುವ ಕುಡುಗೋಲು ಕೆಳಗಿಟ್ಟಳು. “ಅಂಗಾದ್ರೆ ಇರೋ ಮೇಷ್ಟ್ರಮ್ಮನ್ನ ಓಗಿ ಅಂತ ಅಂದು ಬಂದ್ರಾ? ಆರ ಆಕಿ?”

ಕೆಂಪನಂಜಪ್ಪ ನಾಳೆ ಸರಿಮಾಡೋಣವೆಂದ. ಆದರೆ ನಾಳೆ ಹುಳು ಎರಡು ಪಟ್ಟು ಸೊಪ್ಪು ತಿನ್ನತೊಡಗಿದವು. ನಾಳಿದ್ದು ಸೊಪ್ಪು ಸಾಲದೆ ಹೋಯಿತು. ಅಷ್ಟರಲ್ಲಿ ಊರು ಸುಮ್ಮನಿರಲಿಲ್ಲ. ಮಾದೇವಮ್ಮನ ಮನೆಯ ಮುಂದಿನ ಭಾಗ ನೋಡಲು ಹನೂರಿನಿಂದ ಒಬ್ಬ ಟೈಲರು ಬಂದು ಅಳತೆಪಟ್ಟಿಯಲ್ಲಿ ಗೋಡೆ ಅಳೆದು ಹೋದ. ಮೂವರು ಹೆಂಗಸರು ಮೇಷ್ಟ್ರಮ್ಮನಿಗೆಂದು ಕುಂಬಳಕಾಯಿ ತಂದುಕೊಟ್ಟು, ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಒಂದೊಂದು ಕುಂಬಳಕಾಯಿಯೂ ಸುವರ್ಣಮ್ಮನಿಗೆ ಒಂದೊಂದು ‘ಹೋಗಿ’ ಎಂದೇ ಕೇಳಿಸಿತು. ಅವರು ಬುಧವಾರ ಕೊಳ್ಳೇಗಾಲಕ್ಕೆ ಹೋಗಿ ತಾವೇ ವರ್ಗದ ಅರ್ಜಿ ಕೊಟ್ಟರು. ಹನೂರಿನ ಆಚೆ, ಕಾಡಿನ ಅಂಚಿನ ಶಾಗ್ಯದಲ್ಲಿ ಯಾರೂ ಹೋಗಲೊಪ್ಪದ ಒಂದು ಜಾಗ ಖಾಲಿಯಿತ್ತು. ಮೂರೇ ದಿನಕ್ಕೆ ಆರ್ಡರು ಕೈಗೆ ಬಂತು. ಸರ್ಕಾರದ ಕೆಲಸ ನಿಧಾನ ಎನ್ನುವವರು ಈ ಸಂಗತಿಯನ್ನು ಬರೆದಿಟ್ಟುಕೊಳ್ಳಬೇಕು.

ಆರ್ಡರು ಬಂದದ್ದು ತಿಳಿದ ದಿನ ಪುಟ್ಟಬಸಮ್ಮ ಊಟ ಬಿಟ್ಟಳು. “ಮೇಷ್ಟ್ರಮ್ಮ ಇದ್ರೆ ನಮ್ಮ ಐದ್ಜನಾನೂ ಅವರೇ ಓಗಿ ಐಸ್ಕೂಲ್ಗೆ ಸೇರುಸ್ತೀನಿ ಅಂದಿದ್ರು. ಈಗ ಯಾರು ಸೇರುಸ್ತಾರೆ? ನಿನ್ನ ಪದ್ಯವಾ?” ಎಂದಳು.

ಹನ್ನೊಂದು ಗೋಡೆಗಳ ಕವಿ ಹುಳುವನ್ನು ಹೆಂಡತಿಗೆ ಒಪ್ಪಿಸಿ ಮೊದಲ ಬಸ್ಸಿಗೇ ಕೊಳ್ಳೇಗಾಲ ಸೇರಿದ.

ಆರ್ಡರು ಬರೆದ ಶಿಕ್ಷಣ ಇಲಾಖೆಯ ಸಾಹೇಬರ ಕೋಣೆಯಲ್ಲಿ, ಅವರ ಕುರ್ಚಿಯ ಹಿಂದೆಯೇ, ಹಿಂದಿನ ಸಾಹೇಬರಿಗೆ ಕೊಟ್ಟ ಕೆಂಪನಂಜಪ್ಪನ ಬಿನ್ನವತ್ತಳೆ ತೂಗುತ್ತಿತ್ತು. ಆ ಹಿಂದಿನವರು ದಿನಾ ಮೀಸೆ ಬೋಳಿಸುತ್ತಿದ್ದವರು.

“ನೀವೇ ಏನ್ರೀ ಆ ಕವಿ?”

ಅಂಥ ಹೊತ್ತಿನಲ್ಲೂ ಕೆಂಪನಂಜಪ್ಪನ ಎದೆ ಒಂದು ಅಂಗುಲ ಮುಂದೆ ಬಂತು. “ಊಂ ಸಾ.”

“ಅವರ ಅರ್ಜಿಗೆ ಲಗತ್ತು ಮಾಡಿರೋದು ನಿಮ್ಮ ಪದ್ಯಾನೇ. ‘ಗ್ರಾಮಸ್ಥರ ಇಚ್ಛೆಯೂ ಇದೇ ಆಗಿರುತ್ತದೆ’ ಅಂತ ಬರೆದಿದ್ದಾರೆ ನೋಡಿ.”

“ಅದು ಸುಮ್ಕೆ ಬರ್ದದ್ದು ಸಾ. ಪದ್ಯ ಅಲ್ವಾ?”

“ಸುಮ್ಮನೆ ಬರೆದದ್ದಕ್ಕೆ ಐವತ್ತೆರಡು ಜನರ ಹೆಸರು ಯಾಕ್ರೀ ಹಾಕಿಸಿದ್ರಿ?”

“ಅದು ಮುತ್ತಯ್ಯನ ಅತ್ರ ಕಟ್ಟಿಟ್ಟಿರೋದು ಸಾ. ಅದರಲ್ಲಿ ಇಬ್ಬರು ತೀರ್ಕಂಡವ್ರೆ.”

“ಅವರೂ ಹೋಗಿ ಅಂದಿದ್ದಾರಾ!” ಎಂದರು ಸಾಹೇಬರು. ಆಮೇಲೆ ಇವನ ಮುಖ ನೋಡಿ, ಜವಾನನಿಗೆ ನೀರು ತರಲು ಹೇಳಿದರು. ಇವನು ಕುಡಿದು ಲೋಟ ಕೆಳಗಿಡುವವರೆಗೂ ಫೈಲು ಮುಚ್ಚಿಕೊಂಡೇ ಕಾದರು. “ನೋಡಿ ಯಜಮಾನ್ರೇ, ಅವರೇ ಬರೆದು ಅರ್ಜಿ ವಾಪಸ್ ತಗೊಂಡ್ರೆ ನಾಳೆ ಸಂಜೆಯೊಳಗೆ ರದ್ದು ಮಾಡ್ತೀನಿ. ನಾಡಿದ್ದು ಅವರು ಶಾಗ್ಯದಲ್ಲಿ ಹಾಜರಾಗಿಬಿಟ್ರೆ ನನ್ನ ಕೈಲಿಲ್ಲ. ಹೋಗಿ ಅನ್ನೋಕೆ ಪದ್ಯ ಬರೆದ್ರಲ್ಲ, ಇರಿ ಅನ್ನೋಕೆ ಒಂದು ಬರೀರಿ.”

ಕೆಂಪನಂಜಪ್ಪ ಮುತ್ತಯ್ಯನಲ್ಲಿಗೆ ಓಡಿ ಹಲಗೆ ಇಳಿಸಿಸಿದ. ಇಬ್ಬರೂ ‘ಪೋಗಿ ಬನ್ನಿರಿ’ಯನ್ನು ಕಿತ್ತು ‘ಪೋಗದಿರಿ’ ಎಂದು ಕೂರಿಸಿ ನೋಡಿದರು. ಮೇಲೆ ಸೂರ್ಯನಿದ್ದ, ಚಂದ್ರನಿದ್ದ. ಅವರಿಬ್ಬರೂ ದಿನಾ ಹೋಗುವವರೇ. ಮುತ್ತಯ್ಯ ಬಹಳ ಹೊತ್ತು ಓದಿ, ಮೆಲ್ಲಗೆ ಹೇಳಿದ: “ಕೆಂಪಣ್ಣ, ತಪ್ಪು ತಿಳ್ಕೋಬ್ಯಾಡ. ಇದರಲ್ಲಿ ಆ ಯಮ್ಮ ಎಲ್ಲವ್ರೆ?”

ಮರುದಿನ ಬೆಳಿಗ್ಗೆ ಹುಳುವಿನ ಮನೆಯಲ್ಲಿ ಕವಿ ಒಂದು ಕೈಯಲ್ಲಿ ಸೊಪ್ಪು, ಇನ್ನೊಂದು ಕೈಯಲ್ಲಿ ಪೆನ್ಸಿಲು ಹಿಡಿದು ನಿಂತಿದ್ದ. ಮಳೆ ಹೊಯ್ದಂತೆ ಸದ್ದು ಮಾಡುತ್ತ ಹುಳುಗಳು ಸೊಪ್ಪು ತಿನ್ನುತ್ತಿದ್ದವು. ಮಧ್ಯಾಹ್ನದ ಬಸ್ಸಿಗೆ ಮೇಷ್ಟ್ರಮ್ಮ ಹೊರಡುತ್ತಾರೆ. ಕಾಗದದಲ್ಲಿ ‘ಸೂರ್ಯ’ ಎಂದು ಬರೆದು ಹೊಡೆದುಹಾಕಿದ್ದು ನಾಲ್ಕು ಸಲ.

“ಅವರು ಏನ್ ಮಾಡಿದ್ರು ಅಂತ ಬರೀರಿ” ಎಂದಳು ಗುರುಬಸಮ್ಮ.

“ಏನ್ ಮಾಡಿದ್ರು?”

“ಮೂರು ವರ್ಷದಿಂದ ಈ ಊರಲ್ಲೇ ಇದ್ರಲ್ಲ ನೀವು? ಎಣ್ಮಕ್ಳ ತಲೇಲಿ ಏನು, ಸೀರು ಅಂತ ಅಸಹ್ಯ ಮಾಡ್ಕಳ್ದೆ, ಶನಿವಾರ ಶನಿವಾರ ಸೀಗೆಕಾಯಿ ಆಕಿ ಅವರೇ ತೊಳ್ದ್ರು.”

“ಸೀಗೆಕಾಯಿ ಎಲ್ಲಾ ಕಾವ್ಯದಲ್ಲಿ ಬರಲ್ಲ ಕಣಮ್ಮಿ.”

“ಬರ್ದೇ ಇದ್ರೆ ಆ ಕಾವ್ಯ ತಕಂಡು ಏನ್ ಮಾಡಾನ?”

ಕೆಂಪನಂಜಪ್ಪ ಪೆನ್ಸಿಲಿನ ತುದಿ ಕಚ್ಚಿದ. ಇಷ್ಟು ವರ್ಷ ಯಾರೂ ಅವನಿಗೆ ಈ ಪ್ರಶ್ನೆ ಕೇಳಿರಲಿಲ್ಲ. ಸೀಗೆಕಾಯಿ ಎಂದು ಬರೆದ.

ಅಷ್ಟು ಸಾಕಾಯಿತು. ಸೊಪ್ಪು ಹಾಕಲು ಬಂದಿದ್ದ ಪಕ್ಕದ ಮನೆಯ ಗುರುಸಿದ್ದಮ್ಮ, “ನಮ್ ಬಾವಿ ಅಗ್ಗ ಅರಿದಾಗ ಅವರ ಅಗ್ಗ ಕೊಟ್ರು, ಅದೂ ಆಕಣ್ಣ” ಎಂದಳು. ಬಾಗಿಲಾಚೆ ನಿಂತಿದ್ದ ಮಾದೇವಮ್ಮ, “ನಂಗೆ ದಿನಾ ಸಂಜೆ ಸೂಜಿಗೆ ದಾರ ಪೋಣ್ಸಿ ಇಡ್ತಾರೆ, ನನ್ ಕಣ್ಣು ಕಾಣಾಕಿಲ್ಲ ಅಂತ ಒಂದ್ಸಲವೂ ಅನ್ಲಿಲ್ಲ” ಎಂದಳು. “ಅದು ಒಂದು ಸಾಲಾಯ್ತು, ಇನ್ನೊಬ್ರು ಏಳಿ” ಎಂದು ಕೆಂಪನಂಜಪ್ಪ ತಹಸೀಲ್ದಾರನಂತೆ ಬರೆದುಕೊಂಡ. ಕೊನೆಗೆ ಚೇರ್ಮನ್ ಗುರುಮಲ್ಲಪ್ಪನವರೇ ಬಂದು ಬಾಗಿಲಲ್ಲಿ ನಿಂತು ಕೆಮ್ಮಿದರು.

“ನಮ್ ಮೊಮ್ಮಗಳೂ ಆ ಐದ್ರಲ್ಲಿ ಒಬ್ಬಳು ಕಣಯ್ಯ” ಎಂದರು. “ರಾತ್ರಿಯೆಲ್ಲ ಮಾತಾಡಿಲ್ಲ ನನ್ನ ಜೊತೆ. ಬರ್ಕೊ. ಆ ಯಮ್ಮ ನನ್ನ ಮುಖಕ್ಕೇ ‘ಅತ್ತಲೇಬೇಕು’ ಅಂದ್ರು. ಇನ್ಯಾರಿಗೂ ಅಂಗನ್ನೋ ಧೈರ್ಯ ಇರ್ಲಿಲ್ಲ ಅಂತ ಬರ್ಕೊ.”

ಪ್ರಾಸ ಎಲ್ಲೂ ಇರಲಿಲ್ಲ. ಗುಲಾಬಿ ಕಾಗದಕ್ಕೆ ಸಮಯವಿರಲಿಲ್ಲ. ಗೂಡು ಮಾರಿದ ಚೀಟಿಯ ಹಿಂಬದಿಯಲ್ಲಿ ಬರೆದದ್ದನ್ನೇ ಹಿಡಿದು ಕೆಂಪನಂಜಪ್ಪ ಮಾದೇವಮ್ಮನ ಮನೆಯ ಕಡೆ ದಾಪುಗಾಲು ಹಾಕಿದ. ಹಿಂದೆ ಅರ್ಧ ಊರು.

ಸುವರ್ಣಮ್ಮ ಜಗಲಿಯ ಮೇಲೆ ಟ್ರಂಕಿನ ಪಕ್ಕ ಕೂತಿದ್ದರು. ಪಾತ್ರೆಗಳನ್ನು ಗೋಣಿಚೀಲಕ್ಕೆ ತುಂಬಿ ಬಾಯಿ ಹೊಲಿದಾಗಿತ್ತು. ಜನರನ್ನು ನೋಡಿ ಅವರು ಎದ್ದು ನಿಂತರು. ಇನ್ನೊಂದು ಸಭೆಯೇನೋ ಎಂಬ ದಣಿವು ಮುಖದಲ್ಲಿತ್ತು.

“ಒಂದು ಪದ್ಯ ಅದೆ ತಾಯಿ” ಎಂದ ಕೆಂಪನಂಜಪ್ಪ.

“ಇನ್ನೊಂದೇ?” ಎಂದರು ಸುವರ್ಣಮ್ಮ.

ಅವನು ಗಂಟಲು ಸರಿಮಾಡಿಕೊಳ್ಳಲಿಲ್ಲ, ಕೈ ಎತ್ತಲಿಲ್ಲ. ಚೀಟಿ ನೋಡಿ ಓದಿದ.

“ಮೇಷ್ಟ್ರಮ್ಮ,
ಸೀಗೆಕಾಯಿ ಹಾಕಿ ನಮ್ಮ ಮಕ್ಕಳ ತಲೆ ತೊಳೆದಿರಿ.
ಗುರುಸಿದ್ದಮ್ಮನ ಬಾವಿಗೆ ನಿಮ್ಮ ಹಗ್ಗ ಕೊಟ್ಟಿರಿ.
ಮಾದೇವಮ್ಮನ ಸೂಜಿಗೆ ದಾರ ಪೋಣಿಸಿ ಇಟ್ಟಿರಿ.
ಪರೀಕ್ಷೆಯ ದಿನ ಐದು ಪೆನ್ನಿಗೆ ಮಸಿ ತುಂಬಿ
ನಿಮ್ಮ ಸೆರಗಿನಲ್ಲೇ ಒರೆಸಿಕೊಂಡಿರಿ.
ಹತ್ತಲೇಬೇಕು ಅಂತ ಚೇರ್ಮನ್ನರಿಗೆ ಹೇಳಿದಿರಿ.
ಮಗ್ಗಿ ಬಿಡಲಿಲ್ಲ. ನಾನು ಬರೆದದ್ದು ಸುಳ್ಳು.
ಇವೆಲ್ಲ ನಾವು ನೋಡಿಲ್ಲ ಅಂದುಕೊಂಡಿದ್ದಿರಿ.
ನೋಡಿದ್ದೆವು. ಹೇಳಿರಲಿಲ್ಲ.
ಇರಿ.”

ಯಾರೂ ಚಪ್ಪಾಳೆ ತಟ್ಟಲಿಲ್ಲ. ತಟ್ಟಬಹುದೋ ಇಲ್ಲವೋ ತಿಳಿಯಲಿಲ್ಲ.

“ಫೋಟೋ ನೋಡಿ ವರ್ಗ ಅಂದ್ಕಂಬುಟ್ಟೆ ತಾಯಿ” ಎಂದ ಕೆಂಪನಂಜಪ್ಪ. “ಆರ ಇತ್ತಲ್ಲ. ಊರ್ಗೂ ಅದಕ್ಕೂ ಸಂಬಂಧಿಲ್ಲ. ನಾನೊಬ್ಬನೇ ದಡ್ಡ.”

“ನಾನೂ ಸ್ವಲ್ಪ ಇದೀನಿ” ಎಂದರು ಚೇರ್ಮನ್ನರು, ನೆಲ ನೋಡುತ್ತ. “ಜೂನ್ನಲ್ಲಿ ಮೊಮ್ಮಗಳ್ನ ನಾನೇ ಬಸ್ ಅತ್ತುಸ್ತೀನಿ.”

ಸುವರ್ಣಮ್ಮ ಕೈ ಚಾಚಿ ಚೀಟಿ ತೆಗೆದುಕೊಂಡರು. ಮೇಷ್ಟ್ರಮ್ಮನ ಅಭ್ಯಾಸ, ಮೊದಲಿಂದ ಕೊನೆಯವರೆಗೆ ಬೆರಳಿಟ್ಟು ಓದಿದರು. ‘ನೋಡಿದ್ದೆವು’ ಎಂಬಲ್ಲಿ ಬೆರಳು ನಿಂತಿತು. ಅಷ್ಟರಲ್ಲಿ ಬಸ್ಸು ಬಂದು ಹಾರನ್ ಹೊಡೆಯಿತು.

“ಅಮ್ಮಾ, ಬತ್ತೀರಾ? ಲಗೇಜ್ ಮ್ಯಾಕೆ ಆಕಾನಾ?” ಎಂದು ಕಂಡಕ್ಟರು ಕೂಗಿದ.

ಸುವರ್ಣಮ್ಮ ಕೆಂಪನಂಜಪ್ಪನ ಕಡೆ ತಿರುಗಿ, “ಯಜಮಾನ್ರೇ, ಬೆಳಿಗ್ಗೆಯಿಂದ ಏನಾದರೂ ತಿಂದಿದ್ದೀರಾ?” ಎಂದು ಕೇಳಿದರು.

“ಇಲ್ಲ ತಾಯಿ. ಪದ್ಯ ಇತ್ತಲ್ಲ.”

ಅವರು ಗೋಣಿಚೀಲವನ್ನು ಎಳೆದುಕೊಂಡು ಒಳಗೆ ಹೋದರು. ಕಂಡಕ್ಟರು ಇನ್ನೊಮ್ಮೆ ಹಾರನ್ ಹೊಡೆಸಿ, ಗೊಣಗಿ, ಬಸ್ಸು ಹೊರಡಿಸಿದ. ಒಳಗಿನಿಂದ ಹೊಲಿಗೆ ಬಿಚ್ಚುವ ಸದ್ದು ಬಂತು, ಪಾತ್ರೆಗಳು ಒಂದಕ್ಕೊಂದು ತಾಗಿದ ಸದ್ದು ಬಂತು, ಆಮೇಲೆ ಹೊಗೆ. ಜನ ಒಬ್ಬೊಬ್ಬರಾಗಿ ಹುಳುವಿನ ನೆನಪಾಗಿ ಎದ್ದು ಹೋದರು. ಪುಟ್ಟಬಸಮ್ಮ ಟ್ರಂಕನ್ನು ಒಂದು ಪಕ್ಕ ಹಿಡಿದೆತ್ತಿ ಒಳಗೆ ಸಾಗಿಸಿದಳು. ಜಗಲಿಯ ಮೇಲೆ ಕೆಂಪನಂಜಪ್ಪ ಒಬ್ಬನೇ ಉಳಿದ. ಅರ್ಜಿ ವಾಪಸ್ ಕಾಗದವನ್ನು ಯಾವಾಗ ಕೇಳುವುದೋ, ಹೇಗೆ ಕೇಳುವುದೋ ಅವನಿಗೆ ಗೊತ್ತಾಗಲಿಲ್ಲ.

ಸುವರ್ಣಮ್ಮ ತಟ್ಟೆ ಹಿಡಿದು ಬಂದರು. ಬಿಸಿ ಮುದ್ದೆ, ಉಪ್ಸಾರು, ಬದಿಯಲ್ಲಿ ಅಷ್ಟು ಬೇಯಿಸಿದ ಕುಂಬಳಕಾಯಿ. ತಟ್ಟೆಯ ಕೆಳಗೆ ನಾಲ್ಕಾಗಿ ಮಡಿಸಿದ ಒಂದು ಕಾಗದ, ಮೇಲೆ ಸಾಹೇಬರ ವಿಳಾಸ, ಮಸಿ ಇನ್ನೂ ಒಣಗಿರಲಿಲ್ಲ. ಅವರು ತಟ್ಟೆಯನ್ನು ಕಾಗದದ ಸಮೇತ ಅವನ ಕೈಗಿಟ್ಟು, ನೀರು ತರಲು ಒಳಗೆ ಹೋದರು.